ಇನ್ಶೂರೆನ್ಸ್ ಇದ್ರೂ ದುಡ್ಡು ಮಾಲೀಕರೇ ಕಟ್ಟಬೇಕಾಗಬಹುದು! ಗಾಡಿ ಬೇರೆಯವರ ಕೈಗೆ ಕೊಡೋ ಮುಂಚೆ ಇದನ್ನು ಓದಿ

ಅಂಗಡಿ ಬೈಕ್ ಕೊಟ್ಟು ಕೆಲಸದ ಹುಡುಗನನ್ನು ಸಾಮಾನು ತಲುಪಿಸಲು ಕಳಿಸೋದು, ಸಂತೆ ದಿನ ಲಗೇಜ್ ಗಾಡಿಯನ್ನು ಪರಿಚಯದವರ ಕೈಗೆ ಕೊಡೋದು ನಮ್ಮ ಕಡೆ ಮಾಮೂಲಿ. 'ಇನ್ಶೂರೆನ್ಸ್ ಇದೆಯಲ್ಲ' ಅನ್ನೋ ಧೈರ್ಯ. ಆದರೆ ಅಪಘಾತವಾದಾಗ ಎರಡು ಪ್ರಶ್ನೆ ಬರುತ್ತೆ. ಆ ದಿನ ಪಾಲಿಸಿ ಚಾಲ್ತಿಯಲ್ಲಿತ್ತಾ? ಓಡಿಸಿದವರಿಗೆ ಡಿಎಲ್ ಇತ್ತಾ, ಕುಡಿದಿದ್ರಾ? ಒಂದು ತಪ್ಪಿದ್ರೂ ಹೊರೆ ಮಾಲೀಕರ ತಲೆ ಮೇಲೆ.

ಯಾವ ವಿಮೆ ಕಡ್ಡಾಯ?

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 146ರ ಪ್ರಕಾರ ಬೈಕ್, ಕಾರು, ಆಟೋ, ಟ್ರ್ಯಾಕ್ಟರ್ ಯಾವುದೇ ಇರಲಿ, ಥರ್ಡ್ ಪಾರ್ಟಿ ವಿಮೆ ಇರಲೇಬೇಕು. ಇದು ನಿಮ್ಮ ಗಾಡಿ ರಿಪೇರಿಗಲ್ಲ, ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಸಾವು, ನೋವು, ನಷ್ಟಕ್ಕೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ 75ರಿಂದ 150 ಸಿಸಿ ಒಳಗಿನ ಬೈಕಿಗೆ ವರ್ಷಕ್ಕೆ 714 ರೂ., 1000 ಸಿಸಿವರೆಗಿನ ಸ್ವಂತ ಕಾರಿಗೆ 2,094 ರೂ. ಜಿಎಸ್‌ಟಿ ಬೇರೆ.

ಇಲ್ಲದಿದ್ರೆ?

ಸೆಕ್ಷನ್ 196ರಲ್ಲಿ ಮೊದಲ ಸಲ 2,000 ರೂ., ಮತ್ತೆ ಸಿಕ್ಕಿಬಿದ್ರೆ 4,000 ರೂ. ದಂಡ. ಮೂರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ದಂಡ ಸಣ್ಣದು. ಯಾರಾದರೂ ಸತ್ತರೆ, ಕೈಕಾಲು ಕಳೆದುಕೊಂಡರೆ ಲಕ್ಷಗಟ್ಟಲೆ ಪರಿಹಾರವನ್ನು ಸ್ವಂತ ಜೇಬಿಂದ ಕೊಡಬೇಕು. ಅಂಥ ಗಾಡಿಯನ್ನು ಮಾಲೀಕರು ಭದ್ರತೆ ಕೊಡದೆ ಬಿಡದಂತೆ ನಿಯಮ ತರಲು ಸುಪ್ರೀಂ ಕೋರ್ಟ್ 2018ರಲ್ಲೇ ರಾಜ್ಯಗಳಿಗೆ ಸೂಚಿಸಿದೆ.

ಪಾಲಿಸಿ ಇದ್ದೂ ಕೈಸುಡುವುದು ಯಾವಾಗ?

* ಡಿಎಲ್ ಇಲ್ಲದವರು ಓಡಿಸಿದಾಗ: ಗಾಯಾಳುವಿಗೆ ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕರಿಂದ ವಸೂಲಿ ಮಾಡಲಿ ಅನ್ನೋ ಆದೇಶಗಳು ಬರುತ್ತವೆ. ಸುಪ್ರೀಂ ಕೋರ್ಟ್‌ನ 2004ರ ಸ್ವರಣ್ ಸಿಂಗ್ ತೀರ್ಪು ಇದಕ್ಕೆ ಆಧಾರ. ಡಿಎಲ್ ಇಲ್ಲದವರಿಗೆ ಗಾಡಿ ಕೊಟ್ಟಿದ್ದಕ್ಕೇ ಮಾಲೀಕರಿಗೆ 5,000 ರೂ. ದಂಡ, ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು.
* ಕುಡಿದು ಓಡಿಸಿದಾಗ: ತಿದ್ದುಪಡಿಯಾದ ಸೆಕ್ಷನ್ 150ರಲ್ಲಿ ಇದನ್ನೂ ಸೇರಿಸಲಾಗಿದೆ. ಕಂಪನಿ ಇದನ್ನೇ ಮುಂದಿಟ್ಟು ಹೊಣೆ ಅಲ್ಲಗಳೆಯಬಹುದು.
* 18 ತುಂಬದವರು ಓಡಿಸಿದಾಗ: ಸೆಕ್ಷನ್ 199ಎ ಅಡಿ ಪೋಷಕರು ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂ. ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ಆಗೋವರೆಗೂ ಡಿಎಲ್ ಸಿಗಲ್ಲ.

ಲಗೇಜ್ ಗಾಡಿ ಇರುವವರಿಗೆ ಒಂದು ಸಮಾಧಾನ. ಎಲ್‌ಎಂವಿ ಡಿಎಲ್ ಇದ್ದವರು 7,500 ಕೆಜಿಗಿಂತ ಕಡಿಮೆ ತೂಕದ ಸರಕು ಗಾಡಿ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ.

ಐದು ವರ್ಷದ ಪಾಲಿಸಿ ಮರೆತಿದ್ದೀರಾ?

2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕಿಗೆ ಐದು ವರ್ಷ, ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೆ ಮಾಡಿಸಬೇಕು. ಶೋರೂಮಿನಲ್ಲಿ ಒಮ್ಮೆ ಕಟ್ಟಿದ ಮೇಲೆ ತುಂಬಾ ಜನ ಮರೆತುಬಿಡ್ತಾರೆ. 2019, 2020ರಲ್ಲಿ ತಗೊಂಡ ಬೈಕ್‌ಗಳ ಆ ಮೊದಲ ಪಾಲಿಸಿ ಈಗಾಗಲೇ ಮುಗಿದಿರುತ್ತೆ. ಇವತ್ತೇ ನೋಡಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಗಾಡಿ

ಕೊಂಡವರು 14 ದಿನದೊಳಗೆ ಪಾಲಿಸಿಯಲ್ಲಿ ಹೆಸರು ಬದಲಿಸಲು ಕಂಪನಿಗೆ ಅರ್ಜಿ ಕೊಡಬೇಕು. ಮಾರಿದವರೂ ಸುಮ್ಮನಿರಬೇಡಿ. ಆರ್‌ಸಿಯಲ್ಲಿ ನಿಮ್ಮ ಹೆಸರೇ ಇದ್ರೆ ಪರಿಹಾರದ ಹೊಣೆ ನಿಮ್ಮ ಮೇಲೇ ಬರುತ್ತೆ.

ದಾಖಲೆ ತೋರಿಸೋದು ಹೇಗೆ?

ಕಾಗದವೇ ಬೇಕಂತಿಲ್ಲ. ಎಂ-ಪರಿವಾಹನ್ ಅಥವಾ ಡಿಜಿಲಾಕರ್ ಆ್ಯಪ್‌ನಲ್ಲಿರುವ ದಾಖಲೆ ಕಾನೂನುಬದ್ಧ. ಸುಮ್ಮನೆ ಫೋಟೋ ತೆಗೆದಿಟ್ಟುಕೊಂಡರೆ ಸಾಲದು. ಎಂ-ಪರಿವಾಹನ್‌ನಲ್ಲಿ ಗಾಡಿ ನಂಬರ್ ಹಾಕಿದ್ರೆ ವಿಮೆ ಯಾವತ್ತಿನವರೆಗೆ ಇದೆ ಅಂತ ಕಾಣುತ್ತೆ. ಏಜೆಂಟರು ಕೊಟ್ಟ ಕಾಗದದಲ್ಲಿ ಒಂದು ದಿನಾಂಕ, ಅಲ್ಲಿ ಇನ್ನೊಂದು ಇದ್ರೆ ತಕ್ಷಣ ಕಂಪನಿಯ ಶಾಖೆಗೇ ಹೋಗಿ ಕೇಳಿ.

ಕೀ ಕೊಡೋ ಮುಂಚೆ ಎರಡೇ ಕೆಲಸ: ಪಾಲಿಸಿ ದಿನಾಂಕ ನೋಡಿ, ಓಡಿಸುವವರ ಡಿಎಲ್ ನೋಡಿ.