ಸುಪರ್ದಿ

ಒಪ್ಪಿಸು ಎಂಬರ್ಥದ ಪರ್ಷಿಯನ್ ‘ಸಿಪುರ್ದನ್’ ಈ ಪದದ ಮೂಲ. ಪೊಲೀಸರು ಹಿಡಿದಿಟ್ಟ ಬೈಕು ಬಿಡಿಸಿಕೊಳ್ಳಲೂ ಸುಪರ್ದಿ, ಹೆತ್ತ ಮಗುವನ್ನು ಕೇಳಲೂ ಸುಪರ್ದಿ! ಮಗುವಿನ ಮಟ್ಟಿಗೆ ‘ಪಾಲನೆ’ಯೇ ಮೇಲು; ಆದರೆ ವಕೀಲರ ಬಾಯಲ್ಲಿ ಹಳೆಯದೇ ಗಟ್ಟಿ.

ಮಗುವಿನ ಸುಪರ್ದಿಯನ್ನು ಯಾವ ನ್ಯಾಯಾಲಯದಲ್ಲಿ ಕೇಳಬೇಕು? ಪೋಷಕತ್ವದ ಅರ್ಜಿಗೆ 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯ 9ನೇ ಕಲಂ ನೋಡುವುದು ಮಗು ಸಾಮಾನ್ಯವಾಗಿ ವಾಸಿಸುವ ಊರನ್ನು. ಅಪ್ಪ ದುಬೈಯಲ್ಲಿದ್ದರೂ ಮಗು ಭಟ್ಕಳದ ಅಜ್ಜಿಮನೆಯಲ್ಲಿ ಬೆಳೆಯುತ್ತಿದ್ದರೆ ಉತ್ತರ ಕನ್ನಡದ ನ್ಯಾಯಾಲಯವೇ ಸರಿ.

ಕುಮಟಾದಲ್ಲೋ ಹೊನ್ನಾವರದಲ್ಲೋ ವಿಚಾರಣೆಯ ನಡುವೆ ನ್ಯಾಯಾಧೀಶರಿಗೆ ವರ್ಗವಾದರೆ ಕಕ್ಷಿದಾರರು ಗಾಬರಿಯಾಗುತ್ತಾರೆ. ಕಡತ ನ್ಯಾಯಾಧೀಶರ ಹಿಂದೆ ಹೋಗದು. ಹೊಸಬರು ದಾಖಲಾದ ಸಾಕ್ಷ್ಯದಿಂದಲೇ ಮುಂದುವರಿಸಬಹುದು. ನ್ಯಾಯಾಲಯವನ್ನೇ ಬದಲಿಸಬೇಕಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಮಿನಡಿ ಕಾರವಾರದ ಜಿಲ್ಲಾ ನ್ಯಾಯಾಲಯ ಅಥವಾ ಹೈಕೋರ್ಟಿನ ಧಾರವಾಡ ಪೀಠಕ್ಕೆ ಅರ್ಜಿ ಹಾಕಬೇಕು.

ಸುಪರ್ದಿ ಆದೇಶವೂ ಶಾಶ್ವತವಲ್ಲ. ಪರಿಸ್ಥಿತಿ ಬದಲಾದರೆ ಮತ್ತೆ ಕೇಳಬಹುದು.