ಹೈದರಾಬಾದಿನ ಬೆರಳಚ್ಚು ಯಂತ್ರಗಳು

ನಿಜಾಮರ ಹೈದರಾಬಾದಿನಲ್ಲಿ 1880ರ ದಶಕದಿಂದ ಉರ್ದು ಆಡಳಿತ ಭಾಷೆಯಾಗಿದ್ದುದರಿಂದ, ರೋಮನ್ ಲಿಪಿಗಾಗಿ ರೂಪುಗೊಂಡ ಬೆರಳಚ್ಚು ಯಂತ್ರವು ಅಲ್ಲಿನ ಕಚೇರಿಗಳಿಗೆ ನೇರವಾಗಿ ಒಗ್ಗುವಂತಿರಲಿಲ್ಲ. ಬಲದಿಂದ ಎಡಕ್ಕೆ ಸಾಗುವ ಬರಹಕ್ಕೆ ಕ್ಯಾರೇಜು, ಅಂದರೆ ಕಾಗದವನ್ನು ಹೊತ್ತು ಸರಿಯುವ ಭಾಗ, ವಿರುದ್ಧ ದಿಕ್ಕಿನಲ್ಲಿ ಚಲಿಸಬೇಕಿತ್ತು. 1956ರಲ್ಲಿ ಹೈದರಾಬಾದ್ ರಾಜ್ಯ ವಿಭಜನೆಗೊಂಡು ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಮೈಸೂರಿಗೆ ಸೇರಿದವು. ಅದರ ಹಿಂದಿನ ವರ್ಷವಷ್ಟೇ ಗೋದ್ರೆಜ್ ಸಂಸ್ಥೆ ತನ್ನ ಬೆರಳಚ್ಚು ಯಂತ್ರವನ್ನು ಹೊರತಂದಿತ್ತು.

ಅಂಥ ಹಳೆಯ ಯಂತ್ರವನ್ನು ಮತ್ತೆ ನಡೆಸುವ ಕೆಲಸದಲ್ಲಿ ಬಿಡಿಭಾಗಕ್ಕಿಂತ ತಾಳ್ಮೆಯೇ ದುಬಾರಿ. ಅಚ್ಚುಮೊಳೆಗಳ ಸಂದುಗಳಲ್ಲಿ ಗಟ್ಟಿಯಾದ ಮಸಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು; ಕೀಲುಗಳಿಗೆ ಧಾರಾಳವಾಗಿ ಎಣ್ಣೆ ಬಿಟ್ಟರೆ ಧೂಳು ಅಂಟಿ ಕೀಲಿಗಳು ಮತ್ತೆ ಸಿಕ್ಕಿಕೊಳ್ಳುತ್ತವೆ. ರೋಲರಿನ ರಬ್ಬರು ಒಣಗಿ ಕಲ್ಲಾಗಿದ್ದರೆ ಕಾಗದ ಜಾರುತ್ತದೆ, ಪೂರ್ಣವಿರಾಮವು ಹಾಳೆಯನ್ನೇ ತೂತು ಮಾಡುತ್ತದೆ. ಆಗ ಹೊಸ ರಬ್ಬರು ಹೊದಿಸುವುದೊಂದೇ ದಾರಿ.