ಬೋಲ್ಟಿಲ್ಲದ ಬ್ಯಾಲೆನ್ಸರ್ (ಹಳೇ ಶೆವರ್ಲೆ ಲಾರಿಯ ಒಂದು ಕತೆ)

ಶಿವಡಿ ಅಂದರೆ ಮುಂಬಯಿಯ ಕನ್ನಡಿಗರಿಗೆ ಈಗ ನೆನಪಾಗುವುದು ಕೆಸರಿನಲ್ಲಿ ನಿಂತ ಫ್ಲೆಮಿಂಗೋ ಹಕ್ಕಿಗಳು, ಹೆಚ್ಚೆಂದರೆ ಹಾರ್ಬರ್ ಲೈನಿನ ಸ್ಟೇಶನ್ನು. ಆದರೆ 1928ರಲ್ಲಿ ಜನರಲ್ ಮೋಟರ್ಸ್ ಭಾರತದಲ್ಲಿ ತನ್ನ ಜೋಡಣೆ ಕಾರ್ಖಾನೆ ಶುರು ಮಾಡಿದ್ದು ಇಲ್ಲೇ. ಹಡಗಿನಲ್ಲಿ ಪೆಟ್ಟಿಗೆಗಳು ಬರುತ್ತಿದ್ದವು, ಅವು ಶೆವರ್ಲೆ ಕಾರು, ಲಾರಿ, ಬಸ್ಸುಗಳಾಗಿ ಹೊರಗೆ ಹೋಗುತ್ತಿದ್ದವು. 1954ರಲ್ಲಿ ಆ ಕೆಲಸ ನಿಂತಿತು. ಎರಡನೇ ಮಹಾಯುದ್ಧದಲ್ಲಿ ಕೆನಡಾದಿಂದ ಬಂದ ಮಿಲಿಟರಿ ಶೆವರ್ಲೆಗಳಲ್ಲೂ ಇದೇ ಕುಟುಂಬದ ಎಂಜಿನ್ನು. ಯುದ್ಧ ಮುಗಿದ ಮೇಲೆ ಅವೆಷ್ಟೋ ಡಿಸ್ಪೋಸಲ್‌ನಲ್ಲಿ ಮಾರಾಟವಾಗಿ ಸಾಗಣೆ ಲಾರಿಗಳಾದವು.

ಆ ಎಂಜಿನ್ನಿನ ಒಂದೇ ಒಂದು ಭಾಗದ ಬಗ್ಗೆ ಬರೆಯೋಣ ಅಂತ ಹೊರಟಿದ್ದೇನೆ. ರೇಡಿಯೇಟರಿನ ಹಿಂದೆ, ಕ್ರ್ಯಾಂಕ್ ಶಾಫ್ಟಿನ ಮೂತಿಯಲ್ಲಿ ಕೂತ ಭಾರದ ಚಕ್ರ. ನೋಡುವುದಕ್ಕೆ ಬರೀ ಫ್ಯಾನ್ ಬೆಲ್ಟಿನ ಪುಲ್ಲಿ. ಹೆಸರು ಮಾತ್ರ ದೊಡ್ಡದು, ಹಾರ್ಮೋನಿಕ್ ಬ್ಯಾಲೆನ್ಸರ್. ನಿಜ ಹೇಳಬೇಕೆಂದರೆ ಹೆಸರೇ ಸರಿಯಿಲ್ಲ. ಸಾಲಾಗಿ ಆರು ಸಿಲಿಂಡರ್ ಇರುವ ಎಂಜಿನ್ನಿಗೆ ತೂಕದ ಸಮತೋಲ ಹುಟ್ಟಿನಿಂದಲೇ ಚೆನ್ನಾಗಿರುತ್ತದೆ. ಅದರ ಕಾಯಿಲೆ ಬೇರೆ, ಉದ್ದ.

ಒದ್ದೆ ಬಟ್ಟೆ ಹಿಂಡುವುದನ್ನು ನೆನೆಸಿಕೊಳ್ಳಿ. ಕ್ರ್ಯಾಂಕಿನ ಒಂದು ತುದಿಯನ್ನು ಫ್ಲೈವೀಲಿನ ಭಾರ ಹಿಡಿದಿರುತ್ತದೆ, ಇನ್ನೊಂದು ತುದಿ ಸ್ವತಂತ್ರ. ಒಂದು ಸುತ್ತಿಗೆ ಮೂರು ಸಲ ಪಿಸ್ಟನ್ನುಗಳು ಒದೆಯುತ್ತವೆ. ಪ್ರತಿ ಒದೆತಕ್ಕೂ ಉಕ್ಕು ಕೂದಲೆಳೆಯಷ್ಟು ತಿರುಚಿಕೊಂಡು ವಾಪಸು ಬರುತ್ತದೆ. ಯಾವುದೋ ಒಂದು ವೇಗದಲ್ಲಿ ಈ ಒದೆತವೂ ಉಕ್ಕಿನ ಸ್ವಂತ ನಡುಕವೂ ತಾಳಕ್ಕೆ ತಾಳ ಕೂಡಿಬಿಟ್ಟರೆ ನಡುಕ ಬೆಳೆಯುತ್ತಲೇ ಹೋಗುತ್ತದೆ. ಕೊನೆಗೆ ಕ್ರ್ಯಾಂಕ್ ತುಂಡು. 1905ರ ಸುಮಾರಿಗೆ ಬಂದ ರೋಲ್ಸ್ ರಾಯ್ಸಿನ ಮೂವತ್ತು ಎಚ್‌ಪಿ ಆರು ಸಿಲಿಂಡರ್ ಕಾರಿನಲ್ಲಿ ಆದದ್ದು ಇದೇ. ಹೆನ್ರಿ ರಾಯ್ಸ್ ಮೂತಿಗೆ ಜಾರುವ ಸಣ್ಣ ಫ್ಲೈವೀಲ್ ಕಟ್ಟಿ ನಡುಕ ತಗ್ಗಿಸಿದರು. ಫ್ರೆಡೆರಿಕ್ ಲ್ಯಾಂಚೆಸ್ಟರ್ ಇದೇ ತತ್ವದ ಡ್ಯಾಂಪರಿಗೆ 1910ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಮುಂದೆ ಬಂದದ್ದು ನಡುವೆ ಒಂದು ಹಬ್ಬು, ಸುತ್ತ ಭಾರದ ಉಂಗುರ, ಎರಡರ ಮಧ್ಯೆ ರಬ್ಬರು. ಹಬ್ಬು ಕ್ರ್ಯಾಂಕಿನ ಜೊತೆ ನಡುಗಿದರೆ ಉಂಗುರ ಸೋಮಾರಿಯಂತೆ ಹಿಂದುಳಿಯುತ್ತದೆ, ನಡುವಿನ ರಬ್ಬರು ಆ ಶಕ್ತಿಯನ್ನು ಬಿಸಿಯಾಗಿ ಕರಗಿಸುತ್ತದೆ.

ಶೆವರ್ಲೆ 1929ರ ಮಾಡೆಲ್ಲಿಗೆ ನಾಲ್ಕರ ಬೆಲೆಗೆ ಆರು ಅಂತ ಜಾಹೀರಾತು ಮಾಡಿ ಸಿಕ್ಸ್ ಎಂಜಿನ್ ತಂದಿತು, 194 ಘನ ಇಂಚಿನದು. 1937ರಲ್ಲಿ 216, 1941ರಲ್ಲಿ ಲಾರಿಗಳಿಗೆ 235, 1954ರಲ್ಲಿ 261. ಒಲೆಗೆ ಹಾಕುವಂಥ ಸೀಳುತಲೆಯ ಬೋಲ್ಟುಗಳಿದ್ದುದರಿಂದ ಅಮೆರಿಕನ್ನರು ಇದನ್ನು ಸ್ಟೋವ್‌ಬೋಲ್ಟ್ ಅಂದರು. ತಮಾಷೆ ಏನೆಂದರೆ, ಬೋಲ್ಟಿನ ಹೆಸರಿಟ್ಟುಕೊಂಡ ಈ ಎಂಜಿನ್ನಿನ ಮೂತಿಯಲ್ಲೇ ಬೋಲ್ಟು ಇಲ್ಲ!

ಹೌದು, ಬ್ಯಾಲೆನ್ಸರನ್ನು ಹಿಡಿದಿರುವುದು ಬರೀ ಬಿಗಿತ. ಹಬ್ಬಿನ ತೂತು ಕ್ರ್ಯಾಂಕಿನ ಮೂತಿಗಿಂತ ಇಂಚಿನ ಸಾವಿರದ ಒಂದು ಪಾಲಿನ ಆಸುಪಾಸು ಚಿಕ್ಕದು. ಜೊತೆಗೊಂದು ಕೀ, ಅದು ಸುತ್ತದಂತೆ ನೋಡಿಕೊಳ್ಳುತ್ತದೆ, ಮುಂದೆ ಜಾರದಂತೆ ಹಿಡಿಯುವ ಕೆಲಸ ಅದರದ್ದಲ್ಲ. ನಮ್ಮೂರ ಕಮ್ಮಾರ ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಾಯಿಸಿ ತೊಡಿಸುತ್ತಿದ್ದನಲ್ಲ, ಆ ನಂಬಿಕೆಯೇ ಇದು. ಡ್ರಿಲ್ ಹೊಡೆಯುವ, ಥ್ರೆಡ್ ಹಾಕುವ ಖರ್ಚು ಉಳಿಯಿತು. ಕಾರ್ಖಾನೆಯಲ್ಲಿ ಕೂರಿಸಿದ್ದನ್ನು ಯಾರೂ ಮುಟ್ಟದಿದ್ದರೆ ಚೆನ್ನಾಗಿಯೇ ನಡೆಯುತ್ತಿತ್ತು, ಹಾಗಾಗಿ ಅದನ್ನು ತಪ್ಪು ವಿನ್ಯಾಸ ಅಂತ ನಾನು ಹೇಳುವುದಿಲ್ಲ.

ಆದರೆ ಲಾರಿಯ ಎಂಜಿನ್ನನ್ನು ಮುಟ್ಟದೆ ಬಿಡುವವರು ಯಾರು? ಟೈಮಿಂಗ್ ಗೇರು ಸವೆದಾಗ, ಮುಂದಿನ ಆಯಿಲ್ ಸೀಲು ಸೋರಿದಾಗ ಬ್ಯಾಲೆನ್ಸರ್ ಬಿಚ್ಚಲೇಬೇಕು. ಪ್ರತಿ ಸಲವೂ ಬಿಗಿತ ಸ್ವಲ್ಪ ಸ್ವಲ್ಪ ಸತ್ತುಹೋಗುತ್ತದೆ. ಪುಲ್ಲರನ್ನು ಹಬ್ಬಿಗೆ ಹಾಕದೆ ಹೊರಗಿನ ಉಂಗುರಕ್ಕೆ ಸಿಕ್ಕಿಸಿ ಎಳೆದರೆ ರಬ್ಬರು ಹರಿಯುತ್ತದೆ. ವಾಪಸು ಕೂರಿಸುವಾಗ ಮರದ ತುಂಡಿಟ್ಟು ಸುತ್ತಿಗೆಯಿಂದ ಹೊಡೆದರೆ ಆ ಪೆಟ್ಟೆಲ್ಲ ಒಳಗಿನ ಥ್ರಸ್ಟ್ ಬೇರಿಂಗಿಗೆ. ಬೋಲ್ಟು ಇಲ್ಲದ್ದರಿಂದ ಬಿಗಿದು ಎಳೆದುಕೊಳ್ಳುವ ದಾರಿಯೂ ಇಲ್ಲ, ಸುತ್ತಿಗೆಯೇ ಗತಿ. ಹೀಗೆ ಸಡಿಲಾದ ಹಬ್ಬು ದಾರಿಯಲ್ಲಿ ಮೆಲ್ಲಗೆ ಮುಂದೆ ನಡೆದು ಬರುತ್ತದೆ. ಬೆಲ್ಟು ಓರೆಯಾಗುತ್ತದೆ, ಕೀ ಸವೆದು ಮೂತಿಯ ಗಾಡಿ ಹಾಳಾಗುತ್ತದೆ. ಪೂರ್ತಿ ಕಳಚಿದರೆ ರೇಡಿಯೇಟರಿಗೇ ನುಗ್ಗುತ್ತದೆ. ನೀರಿಲ್ಲದ ಎಂಜಿನ್ನು ಘಾಟಿನ ಮಧ್ಯೆ ನಿಂತರೆ ಒಂದು ಲಾರಿಯ ಮಾಲೀಕನಿಗೆ ಅದೆಷ್ಟು ದಿನದ ಅನ್ನ ಅಂತ ಲೆಕ್ಕ ಹಾಕಿ.

ಇದಕ್ಕೆ ಹಳೇ ಲಾರಿಗಳನ್ನು ಸಾಕುವವರ ಮದ್ದು ಸರಳ, ಕಾರ್ಖಾನೆ ಕೊಡದ ತೂತನ್ನು ನಾವೇ ಕೊಡುವುದು. ಎಂಜಿನ್ ಇಳಿಸಿದ್ದರೆ ಕ್ರ್ಯಾಂಕನ್ನು ಲೇತಿಗೆ ಕೊಟ್ಟರಾಯಿತು. ಇಳಿಸದಿದ್ದರೆ ರೇಡಿಯೇಟರ್ ತೆಗೆದು, ಹಬ್ಬಿನ ಪುಲ್ಲರ್ ತೂತುಗಳಿಗೆ ಒಂದು ಗೈಡ್ ಬುಶ್ ಕಟ್ಟಿ, ಅದರೊಳಗಿಂದ ನಿಧಾನವಾಗಿ ಡ್ರಿಲ್ ಮಾಡಬೇಕು. ಬುಶ್ ಇಲ್ಲದೆ ಕೈಯಂದಾಜಿನಲ್ಲಿ ಹೊಡೆದರೆ ನಡು ತಪ್ಪುತ್ತದೆ, ಆ ಕ್ರ್ಯಾಂಕು ಮತ್ತೆ ಸಿಗುವುದಿಲ್ಲ. ಸಾಮಾನ್ಯವಾಗಿ ಹಾಕುವುದು 7/16 ಇಂಚಿನ, ಇಂಚಿಗೆ 20 ಎಳೆಯ ಟ್ಯಾಪು, ಅದಕ್ಕೆ 25/64 ಡ್ರಿಲ್ಲು. ಮೇಲೆ ದಪ್ಪ ವಾಶರು, ಗಟ್ಟಿ ಬೋಲ್ಟು. ಬ್ಯಾಲೆನ್ಸರನ್ನು ಒಳಗೆ ಎಳೆಯಲು ಮಾತ್ರ ಆ ಬೋಲ್ಟನ್ನೇ ಬಳಸಬಾರದು. ಶುರುವಿನಲ್ಲಿ ಎರಡೇ ಎಳೆ ಹಿಡಿದಿರುತ್ತದೆ, ಕಿತ್ತು ಬರುತ್ತದೆ. ಉದ್ದದ ಥ್ರೆಡ್ ರಾಡು ಆಳಕ್ಕೆ ತಿರುಗಿಸಿ, ನಟ್ಟಿನಿಂದ ಎಳೆಯಬೇಕು.

ಇನ್ನೊಂದು ಮಾತು. ಹಬ್ಬಿನ ಮೇಲೆ ಸೀಲು ಕೊರೆದ ಗೀರಿಗೆ ತೆಳು ಉಕ್ಕಿನ ತೋಳು ಹಾಕುತ್ತಾರೆ. ಅದು ಆಯಿಲ್ ಸೋರುವುದಕ್ಕೆ ಮದ್ದು, ಒಳತೂತಿನ ಸಡಿಲಕ್ಕಲ್ಲ. ಬಿಗಿತ ಪೂರ್ತಿ ಸತ್ತ ಹಬ್ಬಿಗೆ ಬೋಲ್ಟು ಬಿಗಿದರೂ ಅದು ಒಳಗೆ ಅಲುಗುತ್ತಲೇ ಇರುತ್ತದೆ, ಬದಲಾಯಿಸಬೇಕು ಅಷ್ಟೆ.

ಅಂದ ಹಾಗೆ, ಶೆವರ್ಲೆ ಕಂಪನಿಯೇನೂ ಬೇಗ ಬದಲಾಗಲಿಲ್ಲ. 1955ರ ಹೆಸರಾಂತ ವಿ8 ಎಂಜಿನ್ನೂ ಬೋಲ್ಟಿಲ್ಲದ ಮೂತಿಯಲ್ಲೇ ಬಂತು. ಥ್ರೆಡ್ ಇರುವ ಕ್ರ್ಯಾಂಕುಗಳು ಮಾಮೂಲಾಗುವ ಹೊತ್ತಿಗೆ 1960ರ ದಶಕ ಮುಗಿಯುತ್ತಿತ್ತು. ಅಷ್ಟರಲ್ಲಿ ಇಲ್ಲಿ 1954ರಲ್ಲಿ ಶುರುವಾದ ಟಾಟಾ ಮರ್ಸಿಡಿಸ್ ಡೀಸೆಲ್ ಲಾರಿಗಳು ನಮ್ಮ ಹೆದ್ದಾರಿಗಳನ್ನು ಹಿಡಿದಾಗಿತ್ತು.